ದೂರಶಿಕ್ಷಣ ಬೇಕಾದದ್ದು ನೃತ್ಯ ಕಲಿಸುವವರಿಗೆ

ಕುಂದಗೋಳದ ಸವಾಯಿ ಗಂಧರ್ವರ ಬಳಿ ಇಬ್ಬರು ದೊಡ್ಡ ಕಲಾವಿದರು ಎರಡು ಬಗೆಯಲ್ಲಿ ಕಲಿತರು. 1936ರಲ್ಲಿ ಬಂದ ಭೀಮಸೇನ ಜೋಶಿ ಗುರುಗಳ ಮನೆಯಲ್ಲೇ ಉಳಿದು, ಮನೆಗೆಲಸ ಮಾಡಿಕೊಂಡು ಕಲಿತರು. ಗಂಗೂಬಾಯಿ ಹಾನಗಲ್ಲರು ಹುಬ್ಬಳ್ಳಿಯಲ್ಲಿ ಸಂಸಾರ ನೋಡಿಕೊಂಡು, ರೈಲಿನಲ್ಲಿ ಕುಂದಗೋಳಕ್ಕೆ ಬಂದು ಪಾಠ ಹೇಳಿಸಿಕೊಂಡು ಮರಳುತ್ತಿದ್ದರು. ಗುರುಗಳು ಒಂದು ಸಲಕ್ಕೆ ಕೊಡುತ್ತಿದ್ದುದು ಸ್ವಲ್ಪವೇ. ಅದನ್ನು ಮನೆಯಲ್ಲಿ ತಿರುತಿರುಗಿ ಹಾಡಿ ಗಟ್ಟಿ ಮಾಡಿಕೊಳ್ಳುವುದು ಶಿಷ್ಯೆಯ ಪಾಲಿನ ಕೆಲಸ. ಗುರುವಿನ ಮನೆಯಲ್ಲಿ ಇದ್ದು ಕಲಿತವರು, ಹೋಗಿಬಂದು ಕಲಿತವರು ಇಬ್ಬರೂ ಹಿಂದುಸ್ತಾನಿ ಸಂಗೀತದ ಶಿಖರ ಮುಟ್ಟಿದರು. ಅದೇ ರೈಲು ಮಾರ್ಗದಲ್ಲಿ ಕುಂದಗೋಳ ದಾಟಿದರೆ ಸಂಶಿ. ಈ ಭಾಗದ ಹಳ್ಳಿಗಳಲ್ಲಿ ಇಂದು ಮಕ್ಕಳಿಗೆ ನೃತ್ಯ ಕಲಿಸುತ್ತಿರುವವರು ದೂರಶಿಕ್ಷಣದ ಬಗ್ಗೆ ಯೋಚಿಸುವಾಗ ಈ ಎರಡನೆಯ ದಾರಿಯನ್ನು ಮರೆಯಬಾರದು. ಗಂಗೂಬಾಯಿ ಊರಿನಿಂದ ದೂರ ಹೋಗಿ ಕಲಿತರೇ ಹೊರತು ಗುರುವಿನಿಂದ ದೂರವಿದ್ದು ಕಲಿತವರಲ್ಲ. ಜತೆಗೆ, ಅವರು ಕುಂದಗೋಳಕ್ಕೆ ಬರುವ ಹೊತ್ತಿಗೆ ಆಗಲೇ ಹಾಡುಗಾರ್ತಿಯಾಗಿದ್ದರು.

ಈ ಕೊನೆಯ ಮಾತೇ ನನ್ನ ವಾದದ ಬುಡ: ದೂರದಿಂದ ಕಲಿಯುವುದು ಆಗಲೇ ಬಲ್ಲವರಿಗೆ ಸಲ್ಲುತ್ತದೆ, ಹೊಸಬರಿಗಲ್ಲ. 2020ರ ಲಾಕ್‌ಡೌನ್‌ನಲ್ಲಿ ನೃತ್ಯ ತರಗತಿಗಳೆಲ್ಲ ಮೊಬೈಲಿಗೆ ಹೋದವು. ಅದಾದ ಮೇಲೂ ಪರದೆಯ ಮೇಲೆ ಭರತನಾಟ್ಯ ಕಲಿಸುವ ವ್ಯಾಪಾರ ನಿಂತಿಲ್ಲ. ಹೊಸದಾಗಿ ಕಾಲಿಡುವ ಮಗುವಿಗೆ ಅದು ಸಲ್ಲದು. ವಿಡಿಯೊ ಕರೆಯಲ್ಲಿ ದನಿ ತಡವಾಗಿ ತಲುಪುತ್ತದೆ, ಹಾಗಾಗಿ ಗುರುವಿನ ತಟ್ಟುಕಳಿಗೂ ಮಗುವಿನ ಹೆಜ್ಜೆಗೂ ತಾಳ ಕೂಡುವುದಿಲ್ಲ. ಅರೆಮಂಡಿಯಲ್ಲಿ ಮಂಡಿ ಪಾದದ ದಿಕ್ಕಿಗೇ ತೆರೆದಿದೆಯೇ, ಒಳಕ್ಕೆ ಬಾಗಿದೆಯೇ ಎಂಬುದು ಎದುರಿನಿಂದ ಮಾತ್ರ ನೋಡುವ ಕ್ಯಾಮೆರಾಕ್ಕೆ ಸರಿಯಾಗಿ ಕಾಣದು. ಅದು ಕಾಣದೆ ಹೋದರೆ ನಷ್ಟವಾಗುವುದು ಮಗುವಿನ ಮಂಡಿಗೆ. ಇನ್ನೂ ಆಳದ ಕಾರಣವೊಂದಿದೆ. 2005ರಲ್ಲಿ ಲಂಡನ್ನಿನ ಸಂಶೋಧಕರು ಬ್ಯಾಲೆ ಕಲಾವಿದರಿಗೆ ಮತ್ತು ಬ್ರೆಜಿಲ್‌ನ ಕಪೊಯೆರಾ ಆಡುವವರಿಗೆ ಎರಡೂ ಬಗೆಯ ಚಲನೆಗಳ ವಿಡಿಯೊ ತೋರಿಸಿ ಅವರ ಮೆದುಳನ್ನು ಸ್ಕ್ಯಾನ್ ಮಾಡಿದರು. ಚಲನೆಗೆ ಸಂಬಂಧಿಸಿದ ಮೆದುಳಿನ ಭಾಗಗಳು ಹೆಚ್ಚು ಚುರುಕಾದದ್ದು ತಾವೇ ಅಭ್ಯಾಸ ಮಾಡಿದ ಚಲನೆಯನ್ನು ನೋಡಿದಾಗ. ಮೈ ಈಗಾಗಲೇ ಬಲ್ಲದ್ದನ್ನು ಕಣ್ಣು ಚೆನ್ನಾಗಿ ಗ್ರಹಿಸುತ್ತದೆ. ಹತ್ತು ವರ್ಷ ಅಡವು ಹಾಕಿದವರಿಗೆ ಪರದೆಯ ಮೇಲಿನ ನೃತ್ಯ ಪಾಠವಾಗುತ್ತದೆ, ಹೊಸ ಮಗುವಿಗೆ ಅದು ಬರೀ ಚಿತ್ರ.

ಹಾಗಾದರೆ ದೂರಶಿಕ್ಷಣ ಯಾರಿಗೆ? ನೃತ್ಯ ಬಲ್ಲ, ಆದರೆ ಕಲಿಸುವುದು ಹೇಗೆಂದು ಯಾರೂ ಹೇಳಿಕೊಡದ ಶಿಕ್ಷಕರಿಗೆ. ಹಳ್ಳಿಯಲ್ಲಿ ನೃತ್ಯ ಕಲಿಸುವವರು ಯಾರೆಂದು ನೋಡಿ. ಶಾಲೆಯ ಗ್ಯಾದರಿಂಗ್ ಹತ್ತಿರ ಬಂದಾಗ ಕನ್ನಡ ಶಿಕ್ಷಕಿ ಅಥವಾ ದೈಹಿಕ ಶಿಕ್ಷಣದ ಮಾಸ್ತರು. ಪ್ರತಿಭಾ ಕಾರಂಜಿಗೂ ಅವರೇ. ಜೂನಿಯರ್ ಇಲ್ಲವೆ ಸೀನಿಯರ್ ಪರೀಕ್ಷೆ ಮುಗಿಸಿ ಮನೆಯ ಪಡಸಾಲೆಯಲ್ಲಿ ತರಗತಿ ನಡೆಸುವ ಹೆಣ್ಣುಮಕ್ಕಳು ಇನ್ನೊಂದು ಕಡೆ. ಜೂನಿಯರ್, ಸೀನಿಯರ್, ವಿದ್ವತ್ ಪರೀಕ್ಷೆಗಳಾಗಲಿ, ನಮ್ಮ ಭಾಗದಲ್ಲಿ ಹೆಚ್ಚು ಬಳಕೆಯಲ್ಲಿರುವ ಗಂಧರ್ವ ಮಹಾವಿದ್ಯಾಲಯದ ಪರೀಕ್ಷೆಗಳಾಗಲಿ ಮುಖ್ಯವಾಗಿ ಅಳೆಯುವುದು ಅಭ್ಯರ್ಥಿ ಸ್ವತಃ ಎಷ್ಟು ಕುಣಿಯಬಲ್ಲರು, ಎಷ್ಟು ಶಾಸ್ತ್ರ ಬಲ್ಲರು ಎಂಬುದನ್ನು. ಎಂಟು ವರ್ಷದ ಮಗು ಹೇಗೆ ಕಲಿಯುತ್ತದೆ ಎಂಬುದು ಶಾಲಾ ಶಿಕ್ಷಕರ ತರಬೇತಿಯ ವಿಷಯ. ಅಲ್ಲಿಯೂ ಅದನ್ನು ಗಣಿತ, ವಿಜ್ಞಾನ, ಭಾಷೆಯ ಉದಾಹರಣೆಗಳಲ್ಲಿ ಹೇಳುತ್ತಾರೆ. ನೃತ್ಯ ಕಲಿಸುವ ಬಗೆ ಅಲ್ಲಿ ಬರುವುದು ಅಪರೂಪ. ಎರಡರ ನಡುವಿನ ಈ ಖಾಲಿ ಜಾಗದಲ್ಲಿ ನಿಂತ ಶಿಕ್ಷಕಿ ಮನೆ, ಹೊಲ, ತರಗತಿ ಬಿಟ್ಟು ಎರಡು ವರ್ಷ ಮೈಸೂರಿನಲ್ಲೋ ಬೆಂಗಳೂರಿನಲ್ಲೋ ಇದ್ದು ಓದಲಾರರು. ಅವರಿಗೆ ದೂರಶಿಕ್ಷಣವೇ ದಾರಿ. ಅದಕ್ಕಿಂತ ಮುಖ್ಯವಾಗಿ, ಕಲಿಕೆಯ ಸಿದ್ಧಾಂತಗಳನ್ನು ಓದಲು ಅದು ಒಳ್ಳೆಯ ದಾರಿಯೂ ಹೌದು, ಏಕೆಂದರೆ ಸೋಮವಾರ ಓದಿದ್ದನ್ನು ಮಂಗಳವಾರ ತನ್ನ ತರಗತಿಯಲ್ಲೇ ಒರೆಗೆ ಹಚ್ಚಬಹುದು.

ಒರೆಗೆ ಹಚ್ಚುವುದೆಂದರೆ ಏನು? 1979ರಲ್ಲಿ ಶಿಯಾ ಮತ್ತು ಮಾರ್ಗನ್ ಎಂಬ ಅಮೆರಿಕದ ಸಂಶೋಧಕರು ಒಂದು ಗುಂಪಿಗೆ ಮೂರು ಕೈಚಲನೆಗಳನ್ನು ಒಂದಾದ ಮೇಲೊಂದು, ಮೊದಲನೆಯದು ಪೂರ್ತಿಯಾದ ಮೇಲೆ ಎರಡನೆಯದು ಎಂಬಂತೆ ಕಲಿಸಿದರು. ಇನ್ನೊಂದು ಗುಂಪಿಗೆ ಅವನ್ನೇ ಕಲಸಿ, ಯಾವಾಗ ಯಾವುದು ಬರುತ್ತದೆಂದು ತಿಳಿಯದಂತೆ ಕಲಿಸಿದರು. ಅಭ್ಯಾಸದ ಹೊತ್ತಿಗೆ ಮೊದಲ ಗುಂಪು ಮುಂದಿತ್ತು. ಹತ್ತು ದಿನ ಬಿಟ್ಟು ನೋಡಿದಾಗ ಹೆಚ್ಚು ಉಳಿಸಿಕೊಂಡಿದ್ದು ಎರಡನೆಯ ಗುಂಪು. ನೃತ್ಯ ಕಲಿಸುವವರಿಗೆ ಇದು ನೇರವಾಗಿ ಸಂಬಂಧಿಸಿದ ವಿಷಯ. ತಟ್ಟಡವನ್ನು ಮೂರು ಕಾಲದಲ್ಲಿ ಮುಗಿಸಿ, ಆಮೇಲೆ ನಾಟಡವು, ಆಮೇಲೆ ಮುಂದಿನದು ಎಂದು ಸಾಲಾಗಿ ಹೋಗುವುದು ನಮ್ಮ ರೂಢಿ. ಆ ದಿನ ಮಕ್ಕಳು ಚೆಂದವಾಗಿಯೇ ಹಾಕುತ್ತಾರೆ, ಶಿಕ್ಷಕಿಗೂ ಸಮಾಧಾನ. ವಾರ ಬಿಟ್ಟು ಬಂದಾಗ ಮರೆತಿರುತ್ತಾರೆ, ಆಗ ಬೈಗುಳ ಬೀಳುವುದು ಮಕ್ಕಳ ಸೋಮಾರಿತನಕ್ಕೆ. ದೋಷ ಅಭ್ಯಾಸದ ಜೋಡಣೆಯಲ್ಲಿರಬಹುದು ಎಂಬ ಅನುಮಾನ ಹುಟ್ಟಬೇಕಾದರೆ ಇಂಥ ಅಧ್ಯಯನ ಶಿಕ್ಷಕಿಯ ಕೈಗೆ ಸಿಗಬೇಕು. ಆ ಪ್ರಯೋಗದಲ್ಲಿದ್ದವರು ನಮ್ಮ ಮಕ್ಕಳಲ್ಲ, ಆ ಚಲನೆಗಳೂ ಅಡವುಗಳಲ್ಲ. ಹಾಗಾಗಿ ಅದು ಇಲ್ಲಿ ಎಷ್ಟರ ಮಟ್ಟಿಗೆ ನಿಜ ಎಂದು ಹೇಳಬಲ್ಲವರು ಸಂಶಿಯಂಥ ಊರಿನಲ್ಲಿ ಇಪ್ಪತ್ತು ಮಕ್ಕಳನ್ನು ಎದುರಿಗಿಟ್ಟುಕೊಂಡವರೇ.

ಬಿಡಬೇಕಾದದ್ದನ್ನು ಗುರುತಿಸಲೂ ಓದು ಬೇಕು. ಕೆಲವು ಮಕ್ಕಳು ನೋಡಿ ಕಲಿಯುವವರು, ಕೆಲವರು ಕೇಳಿ ಕಲಿಯುವವರು, ಕೆಲವರು ಮಾಡಿ ಕಲಿಯುವವರು, ಅವರವರ ಶೈಲಿಗೆ ಹೊಂದಿಸಿ ಕಲಿಸಿ ಎಂಬ ಮಾತು ಶಿಕ್ಷಕರ ತರಬೇತಿಗಳಲ್ಲಿ ಈಗಲೂ ಓಡಾಡುತ್ತದೆ. ಹಾಗೆ ಹೊಂದಿಸಿ ಕಲಿಸಿದರೆ ಕಲಿಕೆ ಹೆಚ್ಚುತ್ತದೆ ಎನ್ನಲು ಸಾಕಷ್ಟು ಪುರಾವೆಯಿಲ್ಲ ಎಂದು ಹೆರಾಲ್ಡ್ ಪ್ಯಾಶ್ಲರ್ ಮತ್ತು ಸಂಗಡಿಗರು 2008ರಲ್ಲೇ ತೋರಿಸಿದ್ದಾರೆ. ನೃತ್ಯದಲ್ಲಂತೂ ಈ ವಿಂಗಡಣೆ ನಿಲ್ಲುವುದೇ ಇಲ್ಲ. ಜತಿಯನ್ನು ಕೇಳದೆ, ಹಸ್ತವನ್ನು ನೋಡದೆ, ಹೆಜ್ಜೆಯನ್ನು ಇಡದೆ ಯಾವ ಮಗುವೂ ಕುಣಿಯಲಾರದು.

ನಮ್ಮ ಗುರುಗಳು ಮನೋವಿಜ್ಞಾನಿಗಳಾದ ಪಿಯಾಜೆಯನ್ನೂ ವೈಗಾಟ್ಸ್ಕಿಯನ್ನೂ ಓದಿಯೇ ಕಲಿಸಿದರೇ ಎಂಬ ಪ್ರಶ್ನೆ ಬರುತ್ತದೆ. ಗೌರವದ ಪ್ರಶ್ನೆ, ಗೌರವದಿಂದಲೇ ಉತ್ತರಿಸಬೇಕು. ಅವರು ಓದಿರಲಿಲ್ಲ, ಆದರೆ ಬಹಳಷ್ಟನ್ನು ಬಲ್ಲವರಾಗಿದ್ದರು. ಹೆಜ್ಜೆಮೇಳದಲ್ಲಿ, ಕೋಲಾಟದಲ್ಲಿ ಹೊಸಬರು ನುರಿತವರ ನಡುವೆ ಸೇರಿಕೊಂಡು ಕಲಿಯುತ್ತಾರೆ. ದೊಡ್ಡಾಟದ ತಾಲೀಮಿನಲ್ಲಿ ಸಣ್ಣ ಪಾತ್ರದಿಂದ ದೊಡ್ಡ ಪಾತ್ರಕ್ಕೆ ಏರುತ್ತಾರೆ. ಒಬ್ಬನೇ ಮಾಡಲಾಗದ್ದನ್ನು ಬಲ್ಲವರ ನೆರವಿನಿಂದ ಮಾಡುವ ಹಂತದಲ್ಲೇ ಕಲಿಕೆ ನಡೆಯುತ್ತದೆ ಎಂದು ವೈಗಾಟ್ಸ್ಕಿ ಹೇಳಿದ್ದೂ, ಸಮುದಾಯದ ಅಂಚಿನಿಂದ ನಡುವಿಗೆ ಬರುತ್ತ ಕಲಿಯುತ್ತೇವೆ ಎಂದು 1991ರಲ್ಲಿ ಲೇವ್ ಮತ್ತು ವೆಂಗರ್ ಬರೆದದ್ದೂ ಇದನ್ನೇ. ಆದರೆ ಆ ಗುರುಗಳ ಮುಂದೆ ಕೆಲವೇ ಶಿಷ್ಯರಿದ್ದರು, ವರ್ಷಗಟ್ಟಲೆ ಸಮಯವಿತ್ತು. ಇಂದಿನ ಶಿಕ್ಷಕಿಯ ಮುಂದೆ ಬೇರೆ ಬೇರೆ ವಯಸ್ಸಿನ ದೊಡ್ಡ ಗುಂಪು, ವಾರಕ್ಕೆರಡು ಗಂಟೆ. ಗ್ಯಾದರಿಂಗ್ ತಾಲೀಮಿನಲ್ಲಿ ಚುರುಕಾದವರನ್ನು ಮುಂದೆ ನಿಲ್ಲಿಸುತ್ತೇವೆ. ಹಿಂದಿನ ಸಾಲಿನ ಮಕ್ಕಳು ಮುಂದಿನವರ ಬೆನ್ನು ನೋಡಿ ಕೈಯೆತ್ತುತ್ತಾರೆ, ಕಾಲು ಕಾಣುವುದೇ ಇಲ್ಲ. ಬಲ್ಲವರನ್ನೂ ಕಲಿಯುವವರನ್ನೂ ಬೆರೆಸಿ ನಿಲ್ಲಿಸುತ್ತಿದ್ದ ಮೇಳದ ಪದ್ಧತಿಯನ್ನು ನಾವೇ ಕೈಬಿಟ್ಟಿದ್ದೇವೆ. ಇನ್ನೊಂದು ಸಂಗತಿಯನ್ನೂ ಹೇಳಲೇಬೇಕು. ಹಳೆಯ ಪದ್ಧತಿಯಲ್ಲಿ ಗೆದ್ದವರ ಹೆಸರು ಉಳಿದಿದೆ, ನಡುವೆ ಬಿಟ್ಟುಹೋದವರ ಲೆಕ್ಕ ಯಾರೂ ಇಟ್ಟಿಲ್ಲ. ಏಟಿನಿಂದ ಕಲಿಸುವುದನ್ನು ಪರಂಪರೆಯ ಹೆಸರಿನಲ್ಲಿ ಸಮರ್ಥಿಸುವವರು, ಪ್ರೋತ್ಸಾಹದ ಮೇಲೆಯೇ ತನ್ನ ಸಿದ್ಧಾಂತ ಕಟ್ಟಿದ ಮನೋವಿಜ್ಞಾನಿ ಸ್ಕಿನ್ನರ್ ಕೂಡ ಶಿಕ್ಷೆಯನ್ನು ವಿರೋಧಿಸಿದ್ದನೆಂಬುದನ್ನು ಗಮನಿಸಬೇಕು.

ದೂರಶಿಕ್ಷಣದ ಪ್ರಮಾಣಪತ್ರಕ್ಕೆ ಬೆಲೆಯಿಲ್ಲ ಎಂಬ ಆಕ್ಷೇಪ ಇದಕ್ಕಿಂತ ಗಟ್ಟಿಯಾದದ್ದು. 2013ರಿಂದ 2018ರವರೆಗೆ ಕರ್ನಾಟಕ ರಾಜ್ಯ ಮುಕ್ತ ವಿಶ್ವವಿದ್ಯಾಲಯಕ್ಕೆ ಯುಜಿಸಿ ಮಾನ್ಯತೆ ಇಲ್ಲದೆ ವಿದ್ಯಾರ್ಥಿಗಳು ಪಟ್ಟ ಪಾಡು ಜನರ ನೆನಪಿನಲ್ಲಿದೆ. ಗೈಡ್ ನೋಡಿ ಅಸೈನ್‌ಮೆಂಟ್ ಬರೆಯುವುದೂ ಎಲ್ಲರಿಗೂ ಗೊತ್ತಿದ್ದದ್ದೇ. ವೈದ್ಯಕೀಯ, ನರ್ಸಿಂಗ್‌ನಂಥ ಕೋರ್ಸುಗಳನ್ನು ದೂರಶಿಕ್ಷಣದಲ್ಲಿ ನಡೆಸಲು ಯುಜಿಸಿ ಬಿಡುವುದಿಲ್ಲ; ಕೈಯಿಂದ ಕಲಿಯುವ ವಿದ್ಯೆಗೆ ಎದುರಿನ ಗುರು ಬೇಕೆಂಬುದನ್ನು ಅದು ಒಪ್ಪಿದಂತೆಯೇ. ನಾನೂ ಒಪ್ಪುತ್ತೇನೆ. ಆದರೆ ದೂರಶಿಕ್ಷಣ ಕ್ಷೇತ್ರದ ಹಿರಿಯ ಚಿಂತಕ ಮೈಕೆಲ್ ಮೂರ್ ಹೇಳುವಂತೆ, ಕಲಿಕೆಯಲ್ಲಿನ ಅಂತರವನ್ನು ಅಳೆಯಬೇಕಾದದ್ದು ಕಿಲೋಮೀಟರಿನಲ್ಲಲ್ಲ. ಕಲಿಸುವವರಿಗೂ ಕಲಿಯುವವರಿಗೂ ಎಷ್ಟು ಮಾತುಕತೆ ಇದೆ, ಪಠ್ಯಕ್ರಮ ಕಲಿಯುವವರಿಗೆ ಎಷ್ಟು ಬಾಗುತ್ತದೆ, ಕಲಿಯುವವರು ಎಷ್ಟು ಸ್ವತಂತ್ರರು ಎಂಬುದೇ ಅಳತೆ. ಗೈಡಿನಿಂದ ನಕಲು ಮಾಡಿ ಬರೆದ ಉತ್ತರಕ್ಕೆ ಅಂಕ ಹಾಕಿ ಕಳಿಸುವ ಕೋರ್ಸು ವಿಫಲವಾಗುವುದು ಅಲ್ಲಿ ಮಾತುಕತೆಯೇ ಇಲ್ಲದ್ದರಿಂದ.

ಆದ್ದರಿಂದ ಬೇಡಿಕೆ ಸ್ಪಷ್ಟವಾಗಿರಲಿ. ಗಂಗೂಬಾಯಿ ಅವರ ಹೆಸರಿನಲ್ಲೇ ಇರುವ ಸಂಗೀತ ಮತ್ತು ಪ್ರದರ್ಶಕ ಕಲೆಗಳ ವಿಶ್ವವಿದ್ಯಾಲಯ ಮೈಸೂರಿನಲ್ಲಿದೆ, ಮುಕ್ತ ವಿಶ್ವವಿದ್ಯಾಲಯವೂ ಅಲ್ಲೇ ಇದೆ. ನೃತ್ಯ ಬೋಧನೆಗೆಂದೇ ಒಂದು ವರ್ಷದ ಡಿಪ್ಲೊಮಾವನ್ನು ಎರಡೂ ಸೇರಿ ರೂಪಿಸಬೇಕು. ಪ್ರವೇಶಕ್ಕೆ ಸೀನಿಯರ್ ಮಟ್ಟದ ನೃತ್ಯವಾಗಲಿ, ದೊಡ್ಡಾಟ, ಹೆಜ್ಜೆಮೇಳಗಳಲ್ಲಿ ಪಳಗಿದ ಅನುಭವವಾಗಲಿ ಸಾಕಾಗಬೇಕು. ಓದು ಕನ್ನಡದಲ್ಲಿ, ಮನೆಯಲ್ಲಿ. ಸಂಪರ್ಕ ತರಗತಿ ತಿಂಗಳಿಗೊಂದು ಭಾನುವಾರ ಹುಬ್ಬಳ್ಳಿಯಲ್ಲೋ ಧಾರವಾಡದಲ್ಲೋ ಇರಲಿ, ಸಂಶಿಯಿಂದ ಬೆಳಿಗ್ಗೆ ಹೊರಟವರು ಸಂಜೆಗೆ ಮನೆ ಸೇರುವಂತೆ. ಅಂಕಗಳಲ್ಲಿ ಅರ್ಧದಷ್ಟು ಅಭ್ಯರ್ಥಿಯ ಸ್ವಂತ ತರಗತಿಗೆ ಮೀಸಲಾಗಲಿ: ಎರಡು ತಿಂಗಳು ಒಂದು ಕ್ರಮದಲ್ಲಿ ಕಲಿಸಿ, ಮಕ್ಕಳು ಎಷ್ಟು ಉಳಿಸಿಕೊಂಡರೆಂದು ಬರೆದಿಟ್ಟು, ಪರೀಕ್ಷಕರು ಊರಿಗೇ ಬಂದು ಹಿಂದಿನ ಸಾಲಿನ ಮಕ್ಕಳ ಹೆಜ್ಜೆಯನ್ನು ಮೊದಲು ನೋಡಿ ಕೊಡುವ ಅಂಕ.