ಗುಜರಿಗೆ ಹೋಗುವ ದೀಪ, ಹಳ್ಳಿಗೆ ಬರುವ ಕಸ

ನಗರಗಳ ಕಲ್ಯಾಣಮಂಟಪಗಳೂ ಸಭಾಭವನಗಳೂ ಬೆಳಕಿನ ಗುತ್ತಿಗೆದಾರರೂ ಕಳೆದ ಹತ್ತು ಹದಿನೈದು ವರ್ಷಗಳಿಂದ ತಮ್ಮ ಹ್ಯಾಲೊಜನ್ ರಂಗದೀಪಗಳನ್ನು ಕಳಚಿ ಎಲ್‌ಇಡಿಗೆ ಬದಲಾಗುತ್ತ ಬಂದಿದ್ದಾರೆ. ಕಳಚಿದ ಪಾರ್ ಡಬ್ಬಿಗಳು, ಫ್ರೆನೆಲ್‌ಗಳು, ಪ್ರೊಫೈಲ್ ದೀಪಗಳು, ಡಿಮ್ಮರ್ ಪೆಟ್ಟಿಗೆಗಳು ಗೋದಾಮಿನ ಮೂಲೆ ಸೇರಿ, ಅಲ್ಲಿಂದ ತೂಕದ ಲೆಕ್ಕದಲ್ಲಿ ಗುಜರಿಗೆ ಸಾಗುತ್ತವೆ. ಅದೇ ಹೊತ್ತಿಗೆ ಮಲೆನಾಡಿನ ಹವ್ಯಾಸಿ ನಾಟಕ ತಂಡಗಳು, ಯುವಕ ಮಂಡಲಗಳು, ಶಾಲಾ ಸಮಿತಿಗಳು ಮನೆಮನೆ ತಿರುಗಿ ಎತ್ತಿದ ಚಂದಾ ಹಣದಲ್ಲಿ ಹೆಸರೂ ವಿಳಾಸವೂ ಇಲ್ಲದ ಅಗ್ಗದ ಹೊಸ ಎಲ್‌ಇಡಿ ದೀಪಗಳನ್ನು ಕೊಂಡು ತರುತ್ತಿವೆ. ರಿಪೇರಿ ಮಾಡಬಹುದಾದದ್ದು ಗುಜರಿಗೆ ಹೋಗುತ್ತಿದೆ, ರಿಪೇರಿ ಮಾಡಲಾಗದ್ದು ಹಳ್ಳಿಗೆ ಬರುತ್ತಿದೆ. ಈ ವಹಿವಾಟಿಗೆ ‘ಪರಿಸರಸ್ನೇಹಿ’ ಎಂಬ ಹಣೆಪಟ್ಟಿಯನ್ನೂ ಅಂಟಿಸಲಾಗಿದೆ. ಮಾರುವವರು ಹಾಗೆನ್ನುವುದು ಸಹಜ. ಆದರೆ ಕಾಡು-ನೀರಿನ ಬಗ್ಗೆ ದಶಕಗಳಿಂದ ಹೋರಾಡುತ್ತ ಬಂದವರೂ ಲೆಕ್ಕ ಹಾಕದೆಯೇ ಇದಕ್ಕೆ ತಲೆದೂಗುತ್ತಿರುವುದು ವಿಷಾದದ ಸಂಗತಿ.

ಲೆಕ್ಕ ಕಷ್ಟದ್ದೇನಲ್ಲ. ಒಂದು ತಂಡದ ಬಳಿ ತಲಾ 1000 ವ್ಯಾಟಿನ ಹನ್ನೆರಡು ಹಳೆಯ ದೀಪಗಳಿವೆ ಎನ್ನೋಣ. ವರ್ಷಕ್ಕೆ ಇಪ್ಪತ್ತು ಪ್ರದರ್ಶನ, ಒಂದೊಂದೂ ಮೂರು ತಾಸು. ಅಷ್ಟೂ ದೀಪಗಳು ಅಷ್ಟೂ ಹೊತ್ತು ಪೂರ್ಣ ಉರಿದರೆ 720 ಯೂನಿಟ್ ವಿದ್ಯುತ್ ಬೇಕು. ಯಾವ ನಾಟಕದಲ್ಲೂ ಹಾಗೆ ಉರಿಯುವುದಿಲ್ಲ. ದೃಶ್ಯಕ್ಕೆ ನಾಲ್ಕೋ ಐದೋ ದೀಪ, ಅದೂ ತಗ್ಗಿಸಿದ ಪ್ರಮಾಣದಲ್ಲಿ. ನಿಜವಾದ ಖರ್ಚು ಇದರ ಅರ್ಧ ದಾಟುವುದು ಅಪರೂಪ. ಪಕ್ಕದ ಹೆದ್ದಾರಿಯಂಚಿನ 250 ವ್ಯಾಟಿನ ಒಂದು ಸೋಡಿಯಂ ದೀಪ ರಾತ್ರಿಗೆ 11 ತಾಸಿನಂತೆ ವರ್ಷವಿಡೀ ಉರಿದರೆ ಸುಮಾರು 1000 ಯೂನಿಟ್ ನುಂಗುತ್ತದೆ. ಅಂದರೆ ಒಂದು ಊರಿನ ಇಡೀ ವರ್ಷದ ರಂಗಭೂಮಿ ಒಂದು ಬೀದಿದೀಪಕ್ಕಿಂತ ಕಡಿಮೆ ವಿದ್ಯುತ್ತಿನಲ್ಲಿ ಮುಗಿಯುತ್ತದೆ. ಆ ಬೀದಿದೀಪವನ್ನು ಎಲ್‌ಇಡಿಗೆ ಬದಲಿಸುವುದು ಅತ್ಯಂತ ಸರಿಯಾದ ಕೆಲಸ. ವರ್ಷಕ್ಕೆ ನಾಲ್ಕು ಸಾವಿರ ತಾಸು ಉರಿಯುವ ದೀಪಕ್ಕೆ ಒಪ್ಪುವ ವಾದವನ್ನು ಅರವತ್ತು ತಾಸು ಉರಿಯುವ ದೀಪಕ್ಕೆ ಹೊದಿಸುವುದು ಮಾತ್ರ ಲೆಕ್ಕಶಾಸ್ತ್ರಕ್ಕೆ ಬಗೆವ ಅನ್ಯಾಯ. ಅರವತ್ತು ತಾಸಿನ ಉಳಿತಾಯಕ್ಕಾಗಿ ಹನ್ನೆರಡು ಹೊಸ ಸರ್ಕ್ಯೂಟ್ ಬೋರ್ಡುಗಳು, ಹನ್ನೆರಡು ಫ್ಯಾನುಗಳು, ಹನ್ನೆರಡು ಪವರ್ ಸಪ್ಲೈಗಳು ತಯಾರಾಗಿ, ಹಡಗೇರಿ, ಘಟ್ಟ ಹತ್ತಿ ಬರಬೇಕೇ?

ಬಂದ ಮೇಲಿನ ಕಥೆಯನ್ನೂ ಕೇಳಬೇಕು. ಆಗುಂಬೆಯಲ್ಲಿ ವಾರ್ಷಿಕ ಸರಾಸರಿ ಮಳೆ 7000 ಮಿ.ಮೀ. ಮೀರುತ್ತದೆ. ಅಷ್ಟಿಲ್ಲದ ಊರುಗಳಲ್ಲೂ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಪೆಟ್ಟಿಗೆಯೊಳಗಿನ ಬಟ್ಟೆ ಬೂಷ್ಟು ಹಿಡಿಯುತ್ತದೆ, ಚರ್ಮದ ಚಪ್ಪಲಿ ಹಸಿರಾಗುತ್ತದೆ. ಆ ತೇವದಲ್ಲಿ ನಾಲ್ಕು ತಿಂಗಳು ಕಳೆದ ಅಗ್ಗದ ಬೋರ್ಡಿನ ಬೆಸುಗೆ ಕಿಲುಬುಗಟ್ಟುತ್ತದೆ. ಗಾಳಿ ಬರಲೆಂದು ಬಿಟ್ಟ ಕಿಂಡಿಯಲ್ಲಿ ಕಣಜ ಮಣ್ಣಿನ ಗೂಡು ಕಟ್ಟಿ ಫ್ಯಾನು ನಿಲ್ಲುತ್ತದೆ, ಫ್ಯಾನು ನಿಂತರೆ ಬಿಸಿಗೆ ಎಲ್‌ಇಡಿ ಸಾಯುತ್ತದೆ. ಹಳ್ಳಿಯ ಲೈನಿನಲ್ಲಿ ಮರ ಬಿದ್ದು ನ್ಯೂಟ್ರಲ್ ತಂತಿ ತುಂಡಾದರೆ 230 ವೋಲ್ಟ್ ಇರಬೇಕಾದಲ್ಲಿ 400ರವರೆಗೂ ಏರುವುದುಂಟು. ಆಗ ಹ್ಯಾಲೊಜನ್ ದೀಪದ ಬಲ್ಬು ಸುಡುತ್ತದೆ, ಬಲ್ಬು ಬದಲಿಸಿದರೆ ದೀಪ ಸರಿಹೋಗುತ್ತದೆ. ಅಗ್ಗದ ಎಲ್‌ಇಡಿಯಲ್ಲಿ ಇಡೀ ಬೋರ್ಡೇ ಸುಡುತ್ತದೆ. ಬದಲಿ ಬೋರ್ಡು ಕೇಳಲು ಹೋದವರಿಗೆ ತಯಾರಕನೇ ಸಿಗುವುದಿಲ್ಲ. ಮಾರಿದ ಅಂಗಡಿಯವನು ಆ ಮಾದರಿ ಈಗ ಬರುತ್ತಿಲ್ಲ, ಹೊಸದು ಕೊಳ್ಳಿ ಎನ್ನುತ್ತಾನೆ. ಸತ್ತ ದೀಪ ಊರ ಹೊರಗಿನ ಹಳ್ಳದ ದಂಡೆಗೆ ಬೀಳುತ್ತದೆ.

ಹಳೆಯ ಪಾರ್ ಡಬ್ಬಿಯಲ್ಲಿ ಕೆಡುವುದೇನಿದೆ? ಒಂದು ಅಲ್ಯೂಮಿನಿಯಂ ಕೊಳವೆ, ಒಂದು ಪಿಂಗಾಣಿ ಹೋಲ್ಡರು, ಒಂದು ಮೊಳ ಶಾಖನಿರೋಧಕ ತಂತಿ, ತೂಗುಹಾಕಲು ಒಂದು ಕಬ್ಬಿಣದ ಕವೆ. ಪಂಪಿನ ಮೋಟರು ರಿವೈಂಡ್ ಮಾಡುವ ಅಂಗಡಿಯಿರುವ ಯಾವ ಪೇಟೆಯಲ್ಲಾದರೂ ಇದನ್ನು ಸರಿಪಡಿಸಬಹುದು. ಪಾರ್-64 ಬಲ್ಬಿನ ಆಯುಷ್ಯ ಕಾಗದದ ಮೇಲೆ 300 ತಾಸು. ವರ್ಷಕ್ಕೆ ಅರವತ್ತು ತಾಸು ಉರಿಸುವ ತಂಡಕ್ಕೆ ಅದು ಐದು ವರ್ಷದ ಮಾತು. ಮಲೆನಾಡಿನ ಬಡ ವೋಲ್ಟೇಜು ಇಲ್ಲಿ ಅಪರೂಪಕ್ಕೆ ಉಪಕಾರಿ. ತಂತುವಿನ ದೀಪಕ್ಕೆ ಹತ್ತು ಪ್ರತಿಶತ ಕಡಿಮೆ ವೋಲ್ಟೇಜು ಸಿಕ್ಕರೆ ಬೆಳಕು ಸುಮಾರು ಎಪ್ಪತ್ತು ಪ್ರತಿಶತಕ್ಕೆ ಇಳಿಯುತ್ತದೆ, ಆಯುಷ್ಯ ಮೂರು ಪಟ್ಟಿಗೂ ಮಿಗಿಲಾಗುತ್ತದೆ. ಬಲ್ಬುಗಳು ಅಕಾಲದಲ್ಲಿ ಸಾಯುವುದು ಬಹುಮಟ್ಟಿಗೆ ಒರಟು ಕೈಗಳಿಂದ: ಬಿಸಿಯಿರುವಾಗಲೇ ದೀಪ ಇಳಿಸಿ ಜೀಪಿಗೆ ಎಸೆಯುವುದು, ಫ್ರೆನೆಲ್ ಮತ್ತು ಪ್ರೊಫೈಲ್‌ಗಳ ಕ್ವಾರ್ಟ್ಜ್ ಬಲ್ಬನ್ನು ಬರಿಗೈಯಲ್ಲಿ ಮುಟ್ಟುವುದು. ಬೆರಳಿನ ಎಣ್ಣೆಯ ಕಲೆ ಆ ಗಾಜನ್ನು ಬಿಸಿಯಲ್ಲಿ ಕೆಡಿಸುತ್ತದೆ.

ಬೆಳಕಿನ ಗುಣದ ಪ್ರಶ್ನೆಯೂ ಇದೆ. ಯಕ್ಷಗಾನದ ಬಣ್ಣಗಾರಿಕೆ, ಆಭರಣ, ಕಿರೀಟಗಳು ದೊಂದಿಯ ಬೆಳಕಿನಲ್ಲಿ, ಆಮೇಲೆ ಗ್ಯಾಸ್‌ಲೈಟಿನಲ್ಲಿ ರೂಪುಗೊಂಡವು. ಹರತಾಳದ ಹಳದಿ, ಇಂಗಳೀಕದ ಕೆಂಪು, ಚಿನ್ನದ ಬೇಗಡೆ ಇವೆಲ್ಲ ಜೀವ ತಳೆಯುವುದು ಕೆಂಪು-ಹಳದಿ ತುಂಬಿದ ಬೆಚ್ಚನೆಯ ಬೆಳಕಿನಲ್ಲಿ. ಕೆಂಪು, ಹಸಿರು, ನೀಲಿ ಎಂಬ ಮೂರೇ ಬಣ್ಣ ಬೆರೆಸಿ ಬಿಳಿ ಮಾಡುವ ಅಗ್ಗದ ಎಲ್‌ಇಡಿಯಲ್ಲಿ ಹಳದಿ-ಕಿತ್ತಳೆಯ ಪಟ್ಟೆ ಬರಿದಾಗಿರುತ್ತದೆ. ಅದರಡಿಯಲ್ಲಿ ಮುಖ ಬೂದಿಯಾಗಿ, ಚಿನ್ನ ತಗಡಾಗಿ ಕಾಣುತ್ತದೆ. ಮೆಲ್ಲಗೆ ಆರಬೇಕಾದ ದೀಪ ಕೊನೆಯ ಹಂತದಲ್ಲಿ ಮೆಟ್ಟಿಲಿಳಿದಂತೆ ತಟಕ್ಕನೆ ಆರುತ್ತದೆ. ರೈತರು ಬಲ್ಲ ಇನ್ನೊಂದು ಸಂಗತಿಯನ್ನೂ ಇಲ್ಲಿ ನೆನೆಯಬಹುದು. ಬತ್ತದ ಕಾಂಡಕೊರಕ, ಕಂದು ಜಿಗಿಹುಳುಗಳಿಗೆ ಬೆಳಕಿನ ಬಲೆ ಒಡ್ಡುವಾಗ ನೀಲಿ ಮತ್ತು ಅತಿನೇರಳೆ ಅಂಶ ಹೆಚ್ಚಿರುವ ದೀಪವನ್ನು ಆರಿಸುತ್ತಾರೆ, ಕೀಟಗಳು ಅದಕ್ಕೇ ಹೆಚ್ಚು ಮುಗಿಬೀಳುತ್ತವೆ. ಗದ್ದೆ ಬಯಲಿನ ನಡುವೆ ತಣ್ಣನೆಯ ಬಿಳಿ ಎಲ್‌ಇಡಿ ಹೊತ್ತಿಸಿ ಆಟ ಆಡುವ ಮೇಳ ಪ್ರೇಕ್ಷಕರ ಜತೆಗೆ ಯಾರನ್ನು ಕರೆಯುತ್ತಿದೆಯೆಂದು ವಿವರಿಸಬೇಕಾಗಿಲ್ಲ.

ಸಲಕರಣೆ ಹೆಚ್ಚಿದ್ದರೆ ಕಲೆ ಹೆಚ್ಚೀತೆಂಬ ಭ್ರಮೆಗೆ ಉತ್ತರ ಬಹಳ ಹಿಂದೆಯೇ ಸಿಕ್ಕಿದೆ. 1959ರಲ್ಲಿ ಕಲ್ಕತ್ತೆಯ ಮಿನರ್ವಾ ರಂಗಮಂದಿರದಲ್ಲಿ ಉತ್ಪಲ್ ದತ್ತರ ‘ಅಂಗಾರ್’ ನಾಟಕಕ್ಕೆ ತಾಪಸ್ ಸೇನ್ ಗಣಿಯೊಳಗೆ ನೀರು ನುಗ್ಗುವ ದೃಶ್ಯವನ್ನು ಬೆಳಕಿನಿಂದ ಕಟ್ಟಿದಾಗ ಎಲ್‌ಇಡಿಯೂ ಇರಲಿಲ್ಲ, ಕಂಪ್ಯೂಟರ್ ನಿಯಂತ್ರಣವೂ ಇರಲಿಲ್ಲ. ಹೆಗ್ಗೋಡಿನ ನೀನಾಸಮ್ 1985ರಲ್ಲಿ ತಿರುಗಾಟ ಆರಂಭಿಸಿ ಊರೂರಿಗೆ ನಾಟಕ ಒಯ್ದದ್ದೂ ತಂತುವಿನ ದೀಪಗಳ ಕಾಲದಲ್ಲಿಯೇ.

ಎದುರು ವಾದದಲ್ಲಿ ಹುರುಳಿಲ್ಲವೆಂದಲ್ಲ. ಹನ್ನೆರಡು ಕಿಲೋವ್ಯಾಟ್ ಒಟ್ಟಿಗೆ ಉರಿಸಿದರೆ 52 ಆಂಪಿಯರ್ ಬೇಕು. ಊರಿನ 25 ಕೆವಿಎ ಟ್ರಾನ್ಸ್‌ಫಾರ್ಮರಿನ ಒಂದೇ ಫೇಸಿನಿಂದ ಅದನ್ನು ಎಳೆಯುವುದು ಅಪರಾಧವೇ ಸರಿ. ಕಂಬಕ್ಕೆ ಕೊಕ್ಕೆ ಹಾಕುವುದಂತೂ ಆತ್ಮಹತ್ಯೆ. ತಾತ್ಕಾಲಿಕ ಸಂಪರ್ಕ ಪಡೆದು, ಆರು ಕಿಲೋವ್ಯಾಟಿನ ಮಿತಿ ಹಾಕಿಕೊಂಡು, 500 ವ್ಯಾಟಿನ ಬಲ್ಬುಗಳನ್ನು ಆರಿಸಿಕೊಂಡರೆ ಹಳ್ಳಿಯ ರಂಗಕ್ಕೆ ಧಾರಾಳವಾಯಿತು. ಡೀಸೆಲ್ ಜನರೇಟರ್ ನಂಬಿ ಆಡುವ ತಂಡಕ್ಕೆ ಲೆಕ್ಕವೇ ಬೇರೆ. ಲೀಟರಿಗೆ ಮೂರು ಯೂನಿಟ್ ಹುಟ್ಟುವಲ್ಲಿ ಎಲ್‌ಇಡಿಯೇ ಮೇಲು. ದಿನವೂ ಉರಿಯುವ ಪಟ್ಟಣದ ರಂಗಮಂದಿರಕ್ಕೂ ಅದೇ ಸರಿ. ಹಿನ್ನೆಲೆಯ ಪರದೆಗೆ ಕಡುನೀಲಿ ಬೇಕಾದಾಗಲಂತೂ ಹ್ಯಾಲೊಜನ್ ಸೋಲುತ್ತದೆ, ಏಕೆಂದರೆ ಆ ಬಣ್ಣದ ಹಾಳೆಯನ್ನು ದಾಟಿ ಬರುವುದು ಬೆಳಕಿನ ನೂರರಲ್ಲಿ ಕೆಲವೇ ಭಾಗ, ಉಳಿದದ್ದು ಬರಿಯ ಬಿಸಿ. ಆಕಾಶಕ್ಕೆ ಎರಡು ಒಳ್ಳೆಯ ಎಲ್‌ಇಡಿ, ಮುಖಗಳಿಗೆ ಎಂಟು ಹಳೆಯ ದೀಪ. ಬಡ ತಂಡಕ್ಕೆ ಇದಕ್ಕಿಂತ ವಿವೇಕದ ಜೋಡಣೆ ಬೇರಿಲ್ಲ.

ಹಳೆಯದನ್ನು ಕೊಳ್ಳುವವರು ಕಣ್ಣು ಮುಚ್ಚಿ ಕೊಳ್ಳಬಾರದು. ಬೆಂಗಳೂರಿನ ಎಸ್.ಪಿ. ರಸ್ತೆಯ ಸುತ್ತಿನ ಹಳೆ ಸಾಮಾನಿನ ಸಂತೆಗೆ ಹೋಗುವುದಕ್ಕಿಂತ, ದೀಪ ಬದಲಿಸುತ್ತಿರುವ ಸಭಾಭವನವನ್ನೋ ಗುತ್ತಿಗೆದಾರನನ್ನೋ ನೇರವಾಗಿ ಹುಡುಕುವುದು ಲೇಸು. ಅಲ್ಲಿ ಹೊತ್ತಿಸಿ ನೋಡಲು ಕರೆಂಟಿರುತ್ತದೆ. ಹೊತ್ತಿಸದೆ ಯಾವುದನ್ನೂ ಕೊಳ್ಳಬಾರದು. ಮೊದಲು ನೋಡಬೇಕಾದದ್ದು ಅರ್ಥಿಂಗ್: ಮೂರನೆಯ ತಂತಿ ಲೋಹದ ಮೈಗೆ ಗಟ್ಟಿಯಾಗಿ ಕೂತಿದೆಯೇ? ಎರಡೇ ತಂತಿಯ ದೀಪವನ್ನು ಇಬ್ಬನಿ ಬಿದ್ದ ಕಬ್ಬಿಣದ ಕಂಬಕ್ಕೆ ಕಟ್ಟುವವನು ಸಾಮಾನ್ಯವಾಗಿ ಹದಿನೇಳು ಹದಿನೆಂಟರ ಹುಡುಗ, ಅವನ ಜೀವಕ್ಕೆ ಯಾವ ರಿಯಾಯಿತಿಯೂ ಸಮನಲ್ಲ. ಹೋಲ್ಡರಿನ ಸಂಪರ್ಕಗಳು ಕಪ್ಪಾಗಿದ್ದರೆ ಹೊಸ ಬಲ್ಬೂ ಬೇಗ ಸುಡುತ್ತದೆ, ಹೋಲ್ಡರನ್ನೇ ಬದಲಿಸಬೇಕು. ಪ್ರೊಫೈಲ್‌ಗಳಲ್ಲಿ ಮಸೂರದ ಬೂಷ್ಟು, ಪ್ರತಿಫಲಕದ ಸಿಪ್ಪೆ, ಅಂಚು ಕತ್ತರಿಸುವ ತಗಡುಗಳ ಸೊಟ್ಟತನ ನೋಡಬೇಕು. ಬೂಷ್ಟು ಒರೆಸಿದರೆ ಹೋದೀತು, ಪ್ರತಿಫಲಕ ಹಾಳಾಗಿದ್ದರೆ ಬಿಟ್ಟುಬಿಡಬೇಕು. ಐವತ್ತು ಅರವತ್ತರ ದಶಕದ ವಿದೇಶಿ ದೀಪಗಳು, ಉದಾಹರಣೆಗೆ 1953ರಲ್ಲಿ ಬಂದ ಸ್ಟ್ರಾಂಡ್ ಪ್ಯಾಟರ್ನ್ 23, ನೋಡಲು ಬಲು ಚೆಲುವು. ಆದರೆ ಅವುಗಳೊಳಗಿನ ಬಿಳಿ ನಾರಿನ ಹೊದಿಕೆಯ ತಂತಿ ಆಸ್ಬೆಸ್ಟಾಸ್ ಇದ್ದೀತು; ಕೆದಕದೆ, ಒಣಗಿದ್ದಾಗ ಎಳೆಯದೆ ಬಿಡುವುದು ಕ್ಷೇಮ. 575 ವ್ಯಾಟಿನ ಹಳೆಯ ‘ಮೂವಿಂಗ್ ಹೆಡ್’ಗಳು ಎಷ್ಟು ಅಗ್ಗವಾಗಿ ಸಿಕ್ಕರೂ ಬೇಡ. ಅವುಗಳ ಡಿಸ್ಚಾರ್ಜ್ ಬಲ್ಬಿನಲ್ಲಿ ಪಾದರಸವಿದೆ, ನಗರದವರು ತಮ್ಮ ಕಸವನ್ನು ದಾಟಿಸುವ ಸುಲಭ ದಾರಿ ಅದು.

ಬಳಸಿದ ಎಲ್‌ಇಡಿ ಕೊಳ್ಳುವುದಾದರೆ ಒಂದು ತಾಸು ಪೂರ್ಣ ಉರಿಸಿ, ಬಿಸಿಯಾದ ಮೇಲೆ ಒಂದೊಂದೇ ಬಣ್ಣ ಹೊತ್ತಿಸಿ, ಸತ್ತ ಬಿಂದುಗಳನ್ನು ಎಣಿಸಬೇಕು. ‘54 ಗುಣಿಲೆ 3 ವ್ಯಾಟ್’ ಎಂಬ ಬರಹವನ್ನು ನಂಬಲಾಗದು. ಅಂಥ ಅಗ್ಗದ ದೀಪ ನಿಜಕ್ಕೂ ಸೆಳೆಯುವ ವಿದ್ಯುತ್ 162 ವ್ಯಾಟಿಗಿಂತ ಬಹಳ ಕಡಿಮೆ ಇರುತ್ತದೆ. ಡಿಮ್ಮರಿನ ಪ್ರತಿ ಚಾನೆಲ್ಲಿಗೂ ಪೂರ್ಣ ಭಾರ ಕೊಟ್ಟು ನೋಡಬೇಕು, ಎಲ್‌ಇಡಿಯನ್ನು ಅದಕ್ಕೆ ಎಂದೂ ಜೋಡಿಸಬಾರದು. ಬೆಲೆ ಕಟ್ಟುವಾಗ ಮಾರುವವನಿಗೆ ಗುಜರಿಯಲ್ಲಿ ಸಿಗುವ ಮೊತ್ತವೆಷ್ಟೆಂದು ಮೊದಲು ತಿಳಿದುಕೊಂಡು, ಕೊಂಡ ಮೇಲೆ ಹಾಕಬೇಕಾದ ಬಲ್ಬು, ಹೋಲ್ಡರು, ತಂತಿ, ಸುರಕ್ಷತಾ ಸರಪಳಿಗಳ ಖರ್ಚನ್ನು ಅದಕ್ಕೆ ಕೂಡಿಸಿ, ಆಮೇಲೆ ಚೌಕಾಸಿಗೆ ಇಳಿಯಬೇಕು.

ಬಲ್ಬು ಮುಂದೆ ಸಿಗದಿದ್ದರೇನು ಗತಿ ಎಂಬ ಆತಂಕ ಸುಳ್ಳಲ್ಲ. 2018ರಲ್ಲಿ ಐರೋಪ್ಯ ಒಕ್ಕೂಟ ಎಲ್ಲ ದೀಪಗಳಿಗೂ ಒಂದೇ ದಕ್ಷತೆಯ ಕಟ್ಟುಪಾಡು ಹಾಕಹೊರಟಾಗ ಅಲ್ಲಿನ ರಂಗಭೂಮಿ ಒಟ್ಟಾಗಿ ಪ್ರತಿಭಟಿಸಿತು. 2021ರ ಸೆಪ್ಟೆಂಬರಿನಲ್ಲಿ ಜಾರಿಗೆ ಬಂದ ನಿಯಮದಲ್ಲಿ ರಂಗದೀಪಗಳಿಗೆ ವಿನಾಯಿತಿ ದೊರೆಯಿತು. ಹಾಗಿದ್ದೂ ತಯಾರಿಕೆ ಕುಗ್ಗುತ್ತಿದೆ. ಒಂದೇ ಬಗೆಯ ಹೋಲ್ಡರಿನ ದೀಪಗಳನ್ನೇ ಕೊಂಡು, ಬಲ್ಬುಗಳನ್ನು ಹಲವು ತಂಡಗಳು ಕೂಡಿ ಒಮ್ಮೆಗೇ ತರಿಸಿಟ್ಟುಕೊಳ್ಳುವುದೇ ಇದಕ್ಕಿರುವ ದಾರಿ.

ವಿನಿಮಯದ ಮಾತು ಬರುವುದು ಇಲ್ಲಿ. ಒಂದೂರಿನಲ್ಲಿ ನಾಲ್ಕು ಪ್ರೊಫೈಲ್ ಕೂತಿವೆ, ಡಿಮ್ಮರಿಲ್ಲ. ಇನ್ನೊಂದೂರಿನಲ್ಲಿ ಡಿಮ್ಮರಿದೆ, ದೀಪವಿಲ್ಲ. ನಡುವೆ ಹನ್ನೆರಡು ಮೈಲಿ ದಾರಿ ಮತ್ತು ಒಂದಿಷ್ಟು ಬಿಗುಮಾನ. ಮುಯ್ಯಾಳು ಪದ್ಧತಿಯಲ್ಲಿ ನಾಟಿ, ಕೊಯ್ಲು ಮುಗಿಸಿದ ನಾಡಿಗೆ ದೀಪ ಹಂಚಿಕೊಳ್ಳುವುದು ಹೊಸ ಪಾಠವಾಗಬೇಕಿಲ್ಲ. ತೊಡಕು ಬೇರೆಡೆಯಿದೆ: ಎಲ್ಲರ ಆಟವೂ ಡಿಸೆಂಬರಿನಿಂದ ಏಪ್ರಿಲ್ ನಡುವೆ, ಎಲ್ಲರಿಗೂ ಶನಿವಾರವೇ ಬೇಕು. ನವೆಂಬರಿನಲ್ಲೇ ಕೂತು ದಿನಾಂಕ ಹಂಚಿಕೊಳ್ಳದೆ ಇದು ನಡೆಯದು. ಮಳೆಗಾಲದ ದಾಸ್ತಾನು ಅಟ್ಟದ ಮೇಲಾಗಲಿ, ಅಡಿಕೆ ಒಣಗಿಸುವ ಕೋಣೆಯಲ್ಲಾಗಲಿ ಒಂದೇ ಕಡೆ ಇದ್ದರೆ ತಿಂಗಳಿಗೊಮ್ಮೆ ಹೊತ್ತಿಸಿ ತೇವ ಆರಿಸಲು ಒಬ್ಬರು ಸಾಕು.

ಸರ್ಕಾರದ ಪಾತ್ರ ಇದರಲ್ಲಿ ವಿಚಿತ್ರವಾದದ್ದು. 2023ರ ಏಪ್ರಿಲ್ 1ರಿಂದ ಜಾರಿಯಲ್ಲಿರುವ ಇ-ತ್ಯಾಜ್ಯ ನಿಯಮಗಳು ತಯಾರಕನ ಹೊಣೆಯ ಮಾತಾಡುತ್ತವೆ. ಹೆಸರೇ ಇಲ್ಲದ ದೀಪದ ತಯಾರಕನನ್ನು ಯಾವ ಹಳ್ಳದ ದಂಡೆಯಿಂದ ಹುಡುಕುವುದು? 2022ರಲ್ಲಿ ಕೇಂದ್ರ ಗ್ರಾಹಕ ವ್ಯವಹಾರಗಳ ಇಲಾಖೆ ‘ರಿಪೇರಿಯ ಹಕ್ಕು’ ಎಂದು ಆರಂಭಿಸಿದಾಗ ಕೃಷಿ ಯಂತ್ರ, ಮೊಬೈಲು, ಗೃಹಬಳಕೆಯ ವಸ್ತು, ವಾಹನ ಎಂಬ ನಾಲ್ಕು ವಲಯಗಳನ್ನು ಆರಿಸಿಕೊಂಡಿತು, ರಂಗದೀಪ ಅದರಲ್ಲೆಲ್ಲೂ ಇಲ್ಲ. ಇನ್ನು ಅನುದಾನ ಪಡೆದ ತಂಡ ಖರ್ಚಿಗೆ ಬಿಲ್ಲು ತೋರಿಸಬೇಕು. ಗೋದಾಮಿನ ಮೂಲೆಯಿಂದ ಹೊರಬಂದ ಹಳೆಯ ಫ್ರೆನೆಲ್‌ಗೆ ಬಿಲ್ಲು ಯಾರು ಕೊಡುತ್ತಾರೆ? ಹೊಸ ಡಬ್ಬಿಗೆ ಅಂಗಡಿಯವನು ಕೈತುಂಬ ಬಿಲ್ಲು ಬರೆಯುತ್ತಾನೆ. ಬಳಸಿದ ಸಲಕರಣೆಗೆ ಪಂಚಾಯತಿಯ ಎದುರು ಮಾಡಿದ ರಸೀದಿಯನ್ನು ಲೆಕ್ಕಪತ್ರದಲ್ಲಿ ಒಪ್ಪಬೇಕೆಂದು ಮಲೆನಾಡಿನ ತಂಡಗಳು ಕೂಡಿ ಸಂಸ್ಕೃತಿ ಇಲಾಖೆಯನ್ನು ಕೇಳಬೇಕು, ಮುಂದಿನ ಅನುದಾನದ ಅರ್ಜಿ ಬರೆಯುವ ಮೊದಲೇ.