ಅನಾಥಾಲಯದ ಮಕ್ಕಳು ಕಲಿಸಿದ ಪಾಠ

ಮಗು ಬೆಳೆಯಲು ಏನೇನು ಬೇಕು? ಹಾಲು, ಬೆಚ್ಚನೆಯ ಬಟ್ಟೆ, ಶುಚಿಯಾದ ಸೂರು, ಕಾಯಿಲೆಗೆ ಔಷಧ ಎಂದು ಯಾರಾದರೂ ಥಟ್ಟನೆ ಹೇಳಿಯಾರು. ಇವೆಲ್ಲ ಇದ್ದೂ ಮಕ್ಕಳು ಸೊರಗುವುದುಂಟೆ? ಉಂಟು. ಅದೇಕೆಂದು ತಿಳಿಯಲು ಬಹುಕಾಲ ಹಿಡಿಯಿತು. ಅನಾಥಾಲಯಗಳ ಚರಿತ್ರೆಯೇ ಆ ಹುಡುಕಾಟದ ಕಥೆ.

ಲಂಡನ್ನಿನ ಬೀದಿಬದಿಯಲ್ಲಿ ಬಿಟ್ಟುಹೋದ ಹಸುಗೂಸುಗಳನ್ನು ಕಂಡು ಮನಕರಗಿದ ಥಾಮಸ್ ಕೋರಮ್ ಎಂಬ ಹಡಗಿನ ಕಪ್ತಾನ, ಹದಿನೇಳು ವರ್ಷ ಸಿರಿವಂತರ ಬಾಗಿಲು ತಟ್ಟಿ, 1739ರಲ್ಲಿ ರಾಜನ ಸನ್ನದು ಪಡೆದ. 1741ರಲ್ಲಿ 'ಫೌಂಡ್ಲಿಂಗ್ ಹಾಸ್ಪಿಟಲ್' ಬಾಗಿಲು ತೆರೆಯಿತು. ಹೆಸರು ಆಸ್ಪತ್ರೆ ಎಂದಿದ್ದರೂ ಅದು ಆಶ್ರಯಧಾಮ. ಮುಂದೊಂದು ದಿನ ಗುರುತು ಹಿಡಿಯಲೆಂದು ತಾಯಂದಿರು ಮಗುವಿನೊಡನೆ ಬಟ್ಟೆಯ ಚೂರನ್ನೋ ನಾಣ್ಯವನ್ನೋ ಇಟ್ಟು ಹೋಗುತ್ತಿದ್ದರು. ಜಾಗ ಸಾಲದಾದಾಗ ತಾಯಿಯ ಕೈಯಿಂದ ಚೀಲದೊಳಗಿನ ಚೆಂಡು ಎತ್ತಿಸಲಾಗುತ್ತಿತ್ತು. ಬಿಳಿ ಬಂದರೆ ಪ್ರವೇಶ, ಕಪ್ಪು ಬಂದರೆ ಮಗುವಿನೊಡನೆ ಮರಳಬೇಕು. 1756ರಲ್ಲಿ ಪಾರ್ಲಿಮೆಂಟು ಹಣ ನೀಡಿ, ಬಂದ ಕೂಸುಗಳನ್ನೆಲ್ಲ ಸೇರಿಸಿಕೊಳ್ಳುವಂತೆ ಮಾಡಿತು. ನಾಲ್ಕು ವರ್ಷಗಳಲ್ಲಿ ಸುಮಾರು 15,000 ಮಕ್ಕಳು ಬಂದರು. ಮೂರರಲ್ಲಿ ಎರಡು ಪಾಲು ಬದುಕಲಿಲ್ಲ.

ರೋಗಗಳಿಗೆ ಸೂಕ್ಷ್ಮಜೀವಿಗಳು ಕಾರಣವೆಂದು ಹತ್ತೊಂಬತ್ತನೆಯ ಶತಮಾನದಲ್ಲಿ ಸಿದ್ಧವಾದ ಮೇಲೆ ಎಲ್ಲೆಡೆ ಶುಚಿತ್ವಕ್ಕೆ ಮಹತ್ವ ಬಂತು. ಸೋಂಕು ತಗಲೀತೆಂದು ತೊಟ್ಟಿಲುಗಳನ್ನು ಬೇರೆಬೇರೆ ಇರಿಸುವುದು, ಮಕ್ಕಳನ್ನು ಆದಷ್ಟು ಮುಟ್ಟದಿರುವುದು ರೂಢಿಯಾಯಿತು. ಆದರೂ ಸಾವು ನಿಲ್ಲಲಿಲ್ಲ.

ರೆನೆ ಸ್ಪಿಟ್ಸ್ ಎಂಬ ವೈದ್ಯ 1945ರಲ್ಲಿ ಪ್ರಕಟಿಸಿದ ಅಧ್ಯಯನ ಇಲ್ಲಿ ಮುಖ್ಯವಾದುದು. ಆತ ಎರಡು ಸಂಸ್ಥೆಗಳನ್ನು ಹೋಲಿಸಿದ. ಒಂದು, ಶುಚಿಯಾದ ಅನಾಥಾಲಯ. ಅಲ್ಲಿ ಸುಮಾರು ಎಂಟು ಕೂಸುಗಳಿಗೆ ಒಬ್ಬಳೇ ದಾದಿ. ತೊಟ್ಟಿಲ ಸುತ್ತ ಬಟ್ಟೆ ಇಳಿಬಿಟ್ಟಿದ್ದರಿಂದ ಮಗುವಿಗೆ ಕಾಣುತ್ತಿದ್ದುದು ಮಾಳಿಗೆಯೊಂದೇ. ಇನ್ನೊಂದು, ಸೆರೆಮನೆಗೆ ಸೇರಿದ ಶಿಶುವಿಹಾರ. ಅಲ್ಲಿ ಕೈದಿ ತಾಯಂದಿರೇ ತಮ್ಮ ಮಕ್ಕಳನ್ನು ಎತ್ತಿ ಆಡಿಸುತ್ತಿದ್ದರು. ಸೆರೆಮನೆಯ ಮಕ್ಕಳು ಚೆನ್ನಾಗಿ ಬೆಳೆದವು. ಅನಾಥಾಲಯದ 91 ಮಕ್ಕಳಲ್ಲಿ 34 ಎರಡು ವರ್ಷಗಳೊಳಗೆ ತೀರಿಕೊಂಡವು. ಆರು ವರ್ಷಗಳ ಅನಂತರ, 1951ರಲ್ಲಿ, ವಿಶ್ವ ಆರೋಗ್ಯ ಸಂಸ್ಥೆಗಾಗಿ ಜಾನ್ ಬೌಲ್ಬಿ ಬರೆದ ವರದಿಯೂ ಎಳೆಯ ಮಗುವಿಗೆ ತಾಯಿಯ ಅಥವಾ ತಾಯಿಯಂತಹ ಒಬ್ಬರ ನಿರಂತರ ಆಸರೆ ಬೇಕೆಂದು ಸಾರಿತು.

ಇದನ್ನು ಪ್ರಯೋಗದಿಂದ ಖಚಿತಪಡಿಸಿದ್ದು ರುಮೇನಿಯಾದಲ್ಲಿ. ಜನಸಂಖ್ಯೆ ಹೆಚ್ಚಿಸಲು ಅಲ್ಲಿನ ಸರ್ಕಾರ 1966ರಲ್ಲಿ ಗರ್ಭಪಾತವನ್ನು ನಿಷೇಧಿಸಿತ್ತು. ಸಾಕಲಾಗದ ಮಕ್ಕಳು ಸರ್ಕಾರಿ ಆಶ್ರಯಗಳಲ್ಲಿ ತುಂಬಿದರು. 1989ರಲ್ಲಿ ಆ ಆಡಳಿತ ಉರುಳಿದಾಗ ಇಂತಹ ಮಕ್ಕಳು ಒಂದು ಲಕ್ಷಕ್ಕೂ ಹೆಚ್ಚು. 2000ದ ನಂತರ ಅಮೆರಿಕದ ಚಾರ್ಲ್ಸ್ ನೆಲ್ಸನ್, ನೇಥನ್ ಫಾಕ್ಸ್ ಮತ್ತು ಚಾರ್ಲ್ಸ್ ಜೀನಾ, ಬುಕಾರೆಸ್ಟಿನಲ್ಲಿ ಆರರಿಂದ 31 ತಿಂಗಳ 136 ಮಕ್ಕಳನ್ನು ಆರಿಸಿ, ಚೀಟಿ ಎತ್ತಿದಂತೆ ಅರ್ಧ ಮಕ್ಕಳನ್ನು ಸಾಕು ಕುಟುಂಬಗಳಿಗೆ ಒಪ್ಪಿಸಿದರು. ಉಳಿದವರಿಗೆ ಬೇರೆ ಕುಟುಂಬ ದೊರೆತರೆ ಹೋಗಲು ಅಡ್ಡಿ ಇರಲಿಲ್ಲ. 2007ರಲ್ಲಿ ಬಂದ ಫಲಿತಾಂಶದಂತೆ, ಮನೆ ಸೇರಿದ ಮಕ್ಕಳ ಬುದ್ಧಿಮತ್ತೆ ಹೆಚ್ಚು ಸುಧಾರಿಸಿತ್ತು. ಎರಡು ವರ್ಷ ತುಂಬುವ ಮೊದಲೇ ಹೋದವರಿಗೆ ಲಾಭ ಇನ್ನೂ ಹೆಚ್ಚು.

ಕಾರಣ ಸರಳ. ಮಗು 'ಅಂಗೂ' ಎನ್ನುತ್ತದೆ. ಅಮ್ಮನೋ ಅಜ್ಜಿಯೋ ಮುಖವರಳಿಸಿ ಅದನ್ನೇ ತಿರುಗಿ ಹೇಳುತ್ತಾರೆ. ಇಂತಹ ಪ್ರತಿ ವಿನಿಮಯದಲ್ಲೂ ಮಿದುಳಿನ ನರಕೋಶಗಳ ನಡುವಿನ ಸಂಪರ್ಕಗಳು ಬಲಗೊಳ್ಳುತ್ತವೆ. ಉತ್ತರವೇ ಬಾರದಿದ್ದರೆ ಮಗು ಕೂಗುವುದನ್ನೂ ಬಿಡುತ್ತದೆ.

ಹಾಗೆಂದು ಹಾಸ್ಟೆಲಿನಲ್ಲಿರುವ ಮಕ್ಕಳ ತಂದೆತಾಯಿಗಳು ಗಾಬರಿಪಡಬೇಕಿಲ್ಲ. ಈ ಅಧ್ಯಯನಗಳು ಎಳೆಗೂಸುಗಳ ಕುರಿತಾದವು. ಓದಿಗಾಗಿ ವಿದ್ಯಾರ್ಥಿನಿಲಯ ಸೇರಿ, ರಜೆಗೆ ಮನೆಗೆ ಬರುವ ಬಾಲಕನ ಪರಿಸ್ಥಿತಿ ಬೇರೆ. ಆದರೂ ಆಗಾಗ ಹೋಗಿ ಮಾತನಾಡಿಸಿ ಬರುವುದು ಒಳ್ಳೆಯದು.

ವಿಜ್ಞಾನದ ಈ ತಿಳಿವು ಕಾನೂನಿಗೂ ಇಳಿದಿದೆ. ರುಮೇನಿಯಾ 2004ರ ಕಾಯ್ದೆಯ ಮೂಲಕ ಎರಡು ವರ್ಷದೊಳಗಿನ ಮಕ್ಕಳನ್ನು ಆಶ್ರಯಗಳಿಗೆ ಸೇರಿಸುವುದನ್ನು ನಿರ್ಬಂಧಿಸಿತು. ನಮ್ಮ ದೇಶದ 2015ರ ಬಾಲ ನ್ಯಾಯ ಕಾಯ್ದೆಯ ಪ್ರಕಾರ ಮಗುವನ್ನು ಸಂಸ್ಥೆಗೆ ಸೇರಿಸುವುದು ಕೊನೆಯ ದಾರಿ. ಸ್ವಂತ ಕುಟುಂಬ, ದತ್ತು, ಸಾಕು ಕುಟುಂಬಗಳನ್ನು ಮೊದಲು ನೋಡಬೇಕು. ದಿಕ್ಕಿಲ್ಲದ ಮಗು ಕಣ್ಣಿಗೆ ಬಿದ್ದರೆ ಮಕ್ಕಳ ಸಹಾಯವಾಣಿ 1098ಕ್ಕೆ ಯಾರು ಬೇಕಾದರೂ ಉಚಿತವಾಗಿ ಕರೆ ಮಾಡಬಹುದು. ಈ ನಾಲ್ಕು ಅಂಕಿಗಳನ್ನು ಮನೆಯ ಮಕ್ಕಳಿಗೂ ಬಾಯಿಪಾಠ ಮಾಡಿಸಿರಿ.