ಅತಿಥಿಯ ನುಡಿ, ಮನೆಯ ನುಡಿ

ನಮ್ಮ ಸಂಘದ ಹಿರಿಯ ಸದಸ್ಯರೊಬ್ಬರ ಮಗಳು ಹಾಲೆಂಡಿನ ವಿಶ್ವವಿದ್ಯಾಲಯವೊಂದರಲ್ಲಿ ವಿನಿಮಯ ವಿದ್ಯಾರ್ಥಿನಿಯಾಗಿ ಒಂದು ಸೆಮಿಸ್ಟರ್ ಕಳೆದು ಈಚೆಗೆ ಮುಂಬಯಿಗೆ ಮರಳಿದಳು. ಅಲ್ಲಿನ ಗ್ರಂಥಾಲಯ, ಸೈಕಲ್ ಹಾದಿ, ಅಧ್ಯಾಪಕರನ್ನು ಹೆಸರು ಹಿಡಿದು ಕರೆಯುವ ಸಲಿಗೆ, ಹತ್ತಕ್ಕೆ ಐದೂವರೆ ಬಂದರೆ ತೇರ್ಗಡೆ ಮಾಡಿದರೂ ಪೂರ್ತಿ ಹತ್ತನ್ನು ಯಾರಿಗೂ ಸುಲಭವಾಗಿ ಕೊಡದ ಬಿಗಿ, ಇವನ್ನೆಲ್ಲ ಉತ್ಸಾಹದಿಂದ ಬಣ್ಣಿಸಿದಳು. ಡಚ್ ಭಾಷೆ ಎಷ್ಟು ಬಂತು ಎಂದು ಕೇಳಿದಾಗ ಮಾತ್ರ ಸಂಕೋಚದಿಂದ ನಕ್ಕಳು. “ಅಂಗಡಿಯಲ್ಲಿ ನಾನು ಡಚ್ಚಿನಲ್ಲಿ ಬಾಯಿ ತೆರೆದರೆ ಅವರೇ ಇಂಗ್ಲಿಷಿಗೆ ತಿರುಗುತ್ತಿದ್ದರು ಅಂಕಲ್. ಐದು ತಿಂಗಳಲ್ಲಿ ನನಗೆ ಅದು ಬೇಕಾಗಲೇ ಇಲ್ಲ” ಎಂದಳು. ಈ ‘ಬೇಕಾಗಲೇ ಇಲ್ಲ’ ಎಂಬ ಮಾತು ನಮ್ಮನ್ನು ಚಿಂತೆಗೆ ಹಚ್ಚಿತು.

ವಿನಿಮಯ ವಿದ್ಯಾರ್ಥಿಯೆಂದರೆ ಪರದೇಶದ ಪದವಿಗಾಗಿ ಹೋದವನಲ್ಲ. ತನ್ನ ವಿಶ್ವವಿದ್ಯಾಲಯದ ವಿದ್ಯಾರ್ಥಿಯಾಗಿಯೇ ಉಳಿದು, ಸಾಮಾನ್ಯವಾಗಿ ಶುಲ್ಕವನ್ನೂ ಅಲ್ಲಿಯೇ ತೆತ್ತು, ಎರಡು ಸಂಸ್ಥೆಗಳ ಒಪ್ಪಂದದ ಮೇರೆಗೆ ಒಂದೆರಡು ಸೆಮಿಸ್ಟರ್ ಮತ್ತೊಂದೆಡೆ ಓದಿ ಬರುವವನು. ಯುರೋಪಿನಲ್ಲಿ ಈ ಪದ್ಧತಿಗೆ ಗಟ್ಟಿಯಾದ ರೂಪ ಬಂದದ್ದು 1987ರಲ್ಲಿ, ಎರಾಸ್ಮಸ್ ಯೋಜನೆಯೊಂದಿಗೆ. ಮೊದಲ ವರ್ಷ 11 ದೇಶಗಳ 3,244 ವಿದ್ಯಾರ್ಥಿಗಳು ಅದರಡಿ ಸಂಚರಿಸಿದರು. 2014ರಲ್ಲಿ ಎರಾಸ್ಮಸ್ ಪ್ಲಸ್ ಎಂಬ ಹೆಸರು ಪಡೆದ ಅದು ಇಂದು ಯುರೋಪಿನ ಹೊರಗಿನ ದೇಶಗಳಿಗೂ ಚಾಚಿದೆ. ಓದಿದ ಪಾಠವು ಎರಡೂ ಕಡೆ ಲೆಕ್ಕಕ್ಕೆ ಬರಲೆಂದು ವರ್ಷಕ್ಕೆ 60 ಕ್ರೆಡಿಟ್ ಎಂಬ ಸಮಾನ ಅಳತೆಯೂ ಬಂತು. ಹಾಲೆಂಡಿನಲ್ಲಿ ಒಂದು ಕ್ರೆಡಿಟ್ ಎಂದರೆ 28 ಗಂಟೆಗಳ ಅಭ್ಯಾಸ. ಅರ್ಧ ವರ್ಷದ 30 ಕ್ರೆಡಿಟ್‌ಗಳಿಗೆ 840 ಗಂಟೆ. ಈ 840 ಗಂಟೆಗಳಲ್ಲಿ ಒಂದನ್ನಾದರೂ ಆ ನಾಡಿನ ಭಾಷೆಗೆ ಮೀಸಲಿಡಬೇಕೆಂಬ ಕಟ್ಟಳೆ ಸಾಮಾನ್ಯವಾಗಿ ಇಲ್ಲ. ಪಾಠ, ಪರೀಕ್ಷೆ, ಗೆಳೆತನ, ಕೊನೆಗೆ ಜಗಳವೂ ಇಂಗ್ಲಿಷಿನಲ್ಲಿಯೇ ನಡೆದುಹೋಗಬಹುದು.

ಯೋಜನೆಗೆ ಹೆಸರು ಕೊಟ್ಟ ಎರಾಸ್ಮಸ್ ರಾಟರ್ಡ್ಯಾಮಿನವನು. ಪ್ಯಾರಿಸ್, ಕೇಂಬ್ರಿಜ್, ಲೂವೆನ್‌ಗಳನ್ನು ಸುತ್ತಿ 1536ರಲ್ಲಿ ಬಾಸೆಲಿನಲ್ಲಿ ತೀರಿಕೊಂಡ ಈ ಪಂಡಿತ ತನ್ನ ಕೃತಿಗಳನ್ನು ಬರೆದದ್ದು ತಾಯಿನುಡಿಯಲ್ಲಲ್ಲ, ಲ್ಯಾಟಿನ್ನಿನಲ್ಲಿ. ಅಂದಿನ ಲ್ಯಾಟಿನ್ನಿನ ಸ್ಥಾನದಲ್ಲಿ ಇಂದು ಇಂಗ್ಲಿಷ್ ಕುಳಿತಿದೆಯೆಂದು ಸಮಾಧಾನ ಹೇಳುವವರಿದ್ದಾರೆ. ಆದರೆ ಅದೇ ನಾಡಿನ ಇತಿಹಾಸದಲ್ಲಿ ಇನ್ನೊಂದು ಧಾರೆಯೂ ಇದೆ. 1575ರಲ್ಲಿ ಸ್ಥಾಪನೆಯಾದ ಲೈಡನ್ ವಿಶ್ವವಿದ್ಯಾಲಯದಲ್ಲಿ ಪಾಠ ಲ್ಯಾಟಿನ್ನಿನಲ್ಲಿ ನಡೆಯುತ್ತಿದ್ದಾಗ, ಅದರ ಆಶ್ರಯದಲ್ಲಿಯೇ 1600ರಲ್ಲಿ ಡಚ್ ಭಾಷೆಯಲ್ಲಿ ಗಣಿತ ಮತ್ತು ಕೋಟೆ ಕಟ್ಟುವ ವಿದ್ಯೆಯನ್ನು ಕಲಿಸುವ ಶಾಲೆಯೊಂದು ತೆರೆಯಿತು. ಅದರ ಪಠ್ಯಕ್ರಮವನ್ನು ರೂಪಿಸಿದವನು ಸೈಮನ್ ಸ್ಟೆವಿನ್. ಶಾಸ್ತ್ರಕ್ಕೆ ತನ್ನ ನುಡಿಯೇ ತಕ್ಕದ್ದೆಂದು ನಂಬಿ ಹೊಸ ಪದಗಳನ್ನು ಟಂಕಿಸಿದ ಈತನ ದೆಸೆಯಿಂದಲೇ, ನೆರೆಹೊರೆಯ ಭಾಷೆಗಳೆಲ್ಲ ಗಣಿತಕ್ಕೆ ಗ್ರೀಕ್ ಮೂಲದ ಹೆಸರನ್ನು ಬಳಸುತ್ತಿರುವಾಗ ಡಚ್ಚರು ಇಂದಿಗೂ ‘ವಿಸ್ಕುಂಡೆ’ ಎನ್ನುತ್ತಾರೆ. ಮೈಸೂರು ವಿಶ್ವವಿದ್ಯಾಲಯದಲ್ಲಿ ಕನ್ನಡ ಮಾಧ್ಯಮಕ್ಕಾಗಿ ಹೋರಾಡಿದ ಕುವೆಂಪು, ಸಸ್ಯಶಾಸ್ತ್ರವನ್ನು ಕನ್ನಡದಲ್ಲಿ ಹೃದ್ಯವಾಗಿ ಬರೆದ ಬಿ.ಜಿ.ಎಲ್. ಸ್ವಾಮಿ ಇವರನ್ನು ಬಲ್ಲ ನಮಗೆ ಸ್ಟೆವಿನ್ ಪರಕೀಯನೆನಿಸಲಾರ.

ನಾಲ್ಕು ಶತಮಾನಗಳ ಬಳಿಕ ಆ ನಾಡಿನಲ್ಲಿ ಅದೇ ವಾದ ಮತ್ತೆ ಎದ್ದಿತು. 1989ರಲ್ಲಿ ಶಿಕ್ಷಣ ಸಚಿವರಾದ ಯೋ ರಿಟ್ಸೆನ್ ವಿಶ್ವವಿದ್ಯಾಲಯಗಳ ಬೋಧನಾ ಮಾಧ್ಯಮ ಇಂಗ್ಲಿಷ್ ಆಗಲಿ ಎಂಬ ಸಲಹೆ ಮುಂದಿಟ್ಟಾಗ ದೊಡ್ಡ ಪ್ರತಿಭಟನೆಯೇ ನಡೆಯಿತು. ಫಲವಾಗಿ 1992ರ ಉನ್ನತ ಶಿಕ್ಷಣ ಕಾಯಿದೆಯಲ್ಲಿ ಪಾಠ ಮತ್ತು ಪರೀಕ್ಷೆಗಳು ಡಚ್ಚಿನಲ್ಲಿಯೇ ನಡೆಯಬೇಕೆಂಬ ವಿಧಿ ಸೇರಿತು. ಆದರೆ ಶಿಕ್ಷಣದ ಸ್ವರೂಪ, ಗುಣಮಟ್ಟ ಅಥವಾ ವಿದ್ಯಾರ್ಥಿಗಳ ಮೂಲದ ದೃಷ್ಟಿಯಿಂದ ಅಗತ್ಯವಾದರೆ ಬೇರೆ ಭಾಷೆಯನ್ನು ಬಳಸಬಹುದೆಂಬ ವಿನಾಯಿತಿಯೂ ಅದರ ಬೆನ್ನಿಗೇ ಇತ್ತು. ವಿಧಿ ಕಾಗದದಲ್ಲಿ ಉಳಿಯಿತು, ವಿನಾಯಿತಿಯೇ ಆಚಾರವಾಯಿತು. ಕನ್ನಡ ಅಧಿಕೃತ ಭಾಷೆಯೆಂದು ಕಾನೂನು ಮಾಡಿ ಕಡತವನ್ನು ಇಂಗ್ಲಿಷಿನಲ್ಲಿ ಬರೆಯುವುದನ್ನು ಕಂಡ ನಮಗೆ ಇದರಲ್ಲಿ ಆಶ್ಚರ್ಯವೇನೂ ಇಲ್ಲ.

ಮುಂದಿನ ಮೂವತ್ತು ವರ್ಷಗಳಲ್ಲಿ ಸ್ನಾತಕೋತ್ತರ ತರಗತಿಗಳು ಬಹುಪಾಲು ಇಂಗ್ಲಿಷಿಗೆ ಹೊರಳಿದವು. 2022-23ರ ಹೊತ್ತಿಗೆ ಆ ಪುಟ್ಟ ದೇಶದಲ್ಲಿ ಪದವಿಗಾಗಿ ಓದುವ ವಿದೇಶೀ ವಿದ್ಯಾರ್ಥಿಗಳ ಸಂಖ್ಯೆ 1,20,000ವನ್ನು ದಾಟಿತ್ತು. ವಿನಿಮಯದ ಮೇಲೆ ಬಂದವರು ಇದಕ್ಕೆ ಹೊರತು. ಇನ್ನೊಂದೆಡೆ 2019ರಲ್ಲಿ ಆಮ್‌ಸ್ಟರ್ಡ್ಯಾಮಿನ ಫ್ರೈ ವಿಶ್ವವಿದ್ಯಾಲಯವು ಡಚ್ ಭಾಷೆ-ಸಾಹಿತ್ಯದ ತನ್ನ ಪದವಿ ತರಗತಿಯನ್ನೇ ನಿಲ್ಲಿಸುವುದಾಗಿ ಸಾರಿತು. ಕಾರಣ, ಸೇರುವವರಿಲ್ಲ. ಕನ್ನಡ ವಿಭಾಗಗಳ ಹಾಜರಿ ಪುಸ್ತಕವನ್ನು ಅಳುಕುತ್ತಲೇ ತೆರೆಯುವ ಹೊರನಾಡ ಅಧ್ಯಾಪಕರಿಗೆ ಈ ಸುದ್ದಿಯ ಸಂಕಟವನ್ನು ವಿವರಿಸಬೇಕಾಗಿಲ್ಲ. 2024ರಲ್ಲಿ ಪದವಿ ಹಂತದ ಪಾಠಗಳಲ್ಲಿ ಮೂರನೇ ಎರಡು ಭಾಗವಾದರೂ ಡಚ್ಚಿನಲ್ಲಿರಬೇಕೆಂಬ ಉದ್ದೇಶದ ಮಸೂದೆ ಸಂಸತ್ತಿನ ಮುಂದೆ ಬಂತು. ಅದರ ಬಿಗಿ ಎಷ್ಟಿರಬೇಕೆಂಬ ವಾದ ಆಮೇಲೆಯೂ ಮುಂದುವರಿಯಿತು.

ಈ ವಾದಕ್ಕೆ ಎರಡು ಮುಖಗಳಿವೆ. ಒಂದನ್ನು ಮಾತ್ರ ನೋಡುವುದು ಅಪಾಯಕರ. ತಮ್ಮ ಮಕ್ಕಳು ತಮ್ಮ ನುಡಿಯಲ್ಲಿ ಉನ್ನತ ವಿದ್ಯೆಯನ್ನು ಪಡೆಯಬೇಕು, ಆ ನುಡಿಯಲ್ಲಿ ಹೊಸ ವಿಚಾರ ಹುಟ್ಟಬೇಕು ಎಂಬುದು ನ್ಯಾಯವಾದ ಬೇಡಿಕೆ. ಆದರೆ 2023ರ ನವೆಂಬರ್ ಚುನಾವಣೆಯಲ್ಲಿ ಅದೇ ದೇಶದಲ್ಲಿ ವಲಸಿಗರ ವಿರುದ್ಧ ಗುಡುಗುವ ಪಕ್ಷವೊಂದು ಎಲ್ಲರಿಗಿಂತ ಹೆಚ್ಚು ಸ್ಥಾನಗಳನ್ನು ಗೆದ್ದಿತು ಎಂಬುದನ್ನೂ ಮರೆಯಲಾಗದು. ವಿದ್ಯಾರ್ಥಿಗಳಿಗೆ ಬಾಡಿಗೆ ಕೋಣೆಗಳ ತೀವ್ರ ಅಭಾವ ಅಲ್ಲಿ ನಿಜ. ಆ ಕೊರತೆಗೆ ಹೊರಗಿನವನನ್ನೇ ಹೊಣೆ ಮಾಡುವುದು ರಾಜಕಾರಣ. ಭಾಷೆಯ ಮೇಲಿನ ಪ್ರೀತಿ ಎಲ್ಲಿ ಮುಗಿದು ಪರಕೀಯನ ಮೇಲಿನ ಸಿಟ್ಟು ಎಲ್ಲಿ ಮೊದಲಾಗುತ್ತದೆ ಎಂಬುದನ್ನು ಗುರುತಿಸುವುದು ಸುಲಭವಲ್ಲ. 1960ರ ದಶಕದ ಮುಂಬಯಿಯಲ್ಲಿ ದಕ್ಷಿಣದವರ ವಿರುದ್ಧ ಎದ್ದ ಕೂಗಿನಲ್ಲಿಯೂ ಈ ಎರಡು ಬೆರೆತಿದ್ದವು. 1982ರ ಗೋಕಾಕ್ ಚಳವಳಿಯನ್ನು ಅಭಿಮಾನದಿಂದ ನೆನೆಯುವ ನಾವು ಆ ಕೂಗನ್ನು ಮಾತ್ರ ಭಯದಿಂದ ನೆನೆಯುತ್ತೇವೆ. ಎರಡು ನೆನಪುಗಳೂ ನಮ್ಮವೇ ಆದ್ದರಿಂದ ಡಚ್ಚರ ಇಕ್ಕಟ್ಟನ್ನು ದೂರದಿಂದ ತೂಗಿ ತೀರ್ಪು ಕೊಡುವ ಹಕ್ಕು ನಮಗಿಲ್ಲ. ಅರಿಯುವ ಅನುಕೂಲ ಮಾತ್ರ ಇದೆ.

ಅಂಗಡಿಯಲ್ಲಿ ಇಂಗ್ಲಿಷಿಗೆ ತಿರುಗಿದ ಡಚ್ಚನದು ಸೌಜನ್ಯವೇ ಸರಿ. ಬೆಂಗಳೂರಿನಲ್ಲಿ ಹೊರಗಿನಿಂದ ಬಂದವನೊಡನೆ ಹಿಂದಿಗೋ ಇಂಗ್ಲಿಷಿಗೋ ಜಾರಿಕೊಳ್ಳುವ ನಮ್ಮವನದೂ ಸೌಜನ್ಯವೇ. ಆದರೆ ಈ ಸೌಜನ್ಯದಿಂದ ಅತಿಥಿಗೆ ಕಲಿಯುವ ಅವಕಾಶ ತಪ್ಪುತ್ತದೆ. ಬಳಸುವವರು ಕಡಿಮೆಯಾಗಿ ಮನೆಯ ನುಡಿಯೂ ಬಡವಾಗುತ್ತದೆ. ತಪ್ಪುತಪ್ಪಾಗಿ ಮಾತನಾಡುವವನನ್ನು ತಾಳ್ಮೆಯಿಂದ ಕೇಳಿಸಿಕೊಳ್ಳುವುದೂ ಭಾಷಾಸೇವೆಯೇ. ಅಂತೆಯೇ ಕಲಿಯುವ ಹೊಣೆಯಿಂದ ಅತಿಥಿಯೂ ಮುಕ್ತನಲ್ಲ. ನಲವತ್ತು ವರ್ಷ ಈ ನಗರದ ಅನ್ನ ಉಂಡು ಮರಾಠಿ ಪತ್ರಿಕೆಯೊಂದನ್ನು ಓದಲಾರದವರು ನಮ್ಮ ನಡುವೆ ಇಲ್ಲವೆ? ಹಗಲು ಹೋಟೆಲಿನಲ್ಲಿ ದುಡಿದು, ಸಂಜೆ ಕನ್ನಡ ರಾತ್ರಿಶಾಲೆಗಳಲ್ಲಿ ಓದುತ್ತ, ಗಿರಾಕಿಗಳಿಂದಲೇ ಮರಾಠಿ ಕಲಿತ ಹಿಂದಿನ ತಲೆಮಾರಿನ ಹುಡುಗರು ಈ ವಿಷಯದಲ್ಲಿ ನಮಗಿಂತ ಮುಂದಿದ್ದರು. ಅವರಿಗೆ ಯಾವ ಒಪ್ಪಂದವೂ, ಕ್ರೆಡಿಟ್ಟೂ ಇರಲಿಲ್ಲ. ಆದರೂ ಅವರು ನಡೆಸಿದ್ದು ನಿಜವಾದ ವಿನಿಮಯ.

ನಮ್ಮ ಮಕ್ಕಳು ಹಾಲೆಂಡಿಗೆ ಹೋಗಲಿ, ಇನ್ನೂ ಹೆಚ್ಚು ಮಂದಿ ಹೋಗಲಿ ಎಂಬುದೇ ನಮ್ಮ ಹಾರೈಕೆ. ಹೋಗುವವರಲ್ಲಿ ಒಂದೇ ಕೋರಿಕೆ: 840 ಗಂಟೆಗಳ ಅಭ್ಯಾಸದ ಜೊತೆಗೆ ನಲವತ್ತು ಗಂಟೆಗಳನ್ನು ಆ ನಾಡಿನ ನುಡಿಗೆ ಕೊಡಿ. ಅದರಿಂದ ನೌಕರಿ ದೊರೆಯದಿರಬಹುದು, ಅಂಕಪಟ್ಟಿಯಲ್ಲಿ ಅದು ಕಾಣದಿರಬಹುದು. ಆದರೆ ಎರಡೂವರೆ ಕೋಟಿಗೆ ಸಮೀಪದ ಜನ ಆಡುವ ಒಂದು ಭಾಷೆ ಇಂಗ್ಲಿಷಿನ ಮಗ್ಗುಲಲ್ಲಿ ಹೇಗೆ ಬದುಕುತ್ತಿದೆ, ಎಲ್ಲಿ ಸೋಲುತ್ತಿದೆ, ಯಾವುದನ್ನು ಉಳಿಸಿಕೊಂಡಿದೆ ಎಂಬುದನ್ನು ಒಳಗಿನಿಂದ ಕಂಡು ಬಂದವರು ಕನ್ನಡಕ್ಕೂ ಏನನ್ನಾದರೂ ಹೇಳಬಲ್ಲರು. ಮರಳಿ ಬಂದು ಅದನ್ನು ಕನ್ನಡದಲ್ಲಿ ಬರೆಯಿರಿ. ಈ ಪತ್ರಿಕೆಯ ಪುಟಗಳು ನಿಮಗಾಗಿ ತೆರೆದಿವೆ. ಸದಸ್ಯರ ಮಗಳಿಗೂ ನಾವು ಹೇಳಿದ್ದು ಇಷ್ಟೇ. ಬರೆಯುವುದಾಗಿ ಒಪ್ಪಿದ್ದಾಳೆ, ಕನ್ನಡದಲ್ಲಿ ಬರೆಯಲು ತುಸು ಕಾಲಾವಕಾಶ ಕೇಳಿದ್ದಾಳೆ. ಮುಂಬಯಿಯಲ್ಲಿ ಬೆಳೆದ ಅವಳಿಗೆ ಅದೂ ‘ಬೇಕಾಗಲೇ ಇಲ್ಲ’ವಾಗಿತ್ತು ಎಂಬುದು ನಮ್ಮ ಸಂಘದ ಪಾಲಿನ ಲೋಪ. ಅದನ್ನು ಒಪ್ಪಿಕೊಂಡು ಅವಳ ಲೇಖನಕ್ಕಾಗಿ ಕಾದಿದ್ದೇವೆ.

– ಸಂಪಾದಕ